ಸಾಂಕ್ರಾಮಿಕದ ಕಾಲದಲ್ಲಿ ಸರ್ಕಾರದ ಹಣ ಪಡೆಯುವುದು ಹೇಗೆ: ಕೊಡಗಿನ ಮನೆಗಳಿಗೆ

ಯಾವ ಯೋಜನೆಗೆ ಅರ್ಜಿ ಹಾಕಬೇಕು ಎಂದು ಕೇಳಿಕೊಂಡು ಬರುವವರನ್ನು ನಾನು ಮೊದಲು ಕೇಳುವುದು ಬೇರೆಯೇ ಮಾತು: ಆಸ್ಪತ್ರೆಯಿಂದ ಏನೇನು ಕಾಗದ ತಂದಿದ್ದೀರಿ?

ಕಂದಾಯ ಇಲಾಖೆಯಲ್ಲಿ ವಿಷಯ ನಿರ್ವಾಹಕಿಯಾಗಿದ್ದು ನಿವೃತ್ತಳಾದವಳು ನಾನು. ಕೊರೊನಾ ಸಾವಿನ ಪರಿಹಾರದ ಕಡತಗಳು ನನ್ನ ಮೇಜಿನ ಮೇಲೂ ಬಂದು ಹೋಗಿವೆ. ಅರ್ಹತೆ ಇಲ್ಲವೆಂದು ಬಿದ್ದುಹೋದ ಅರ್ಜಿಗಳು ನನಗೆ ಅಷ್ಟಾಗಿ ನೆನಪಿಲ್ಲ. ಅರ್ಹತೆ ಇದ್ದೂ ಕಾಗದ ಕೂಡಿಬರದೆ ಕೊಳೆತವು ನೆನಪಿವೆ. ಯೋಜನೆಗಳ ಹೆಸರು ಸರ್ಕಾರ ಬದಲಾದ ಹಾಗೆ ಬದಲಾಗುತ್ತದೆ. ಅವು ಕೇಳುವ ಕಾಗದಗಳು ಮಾತ್ರ ಅವೇ. ಗಡಿಯಾಚೆ ಕೇರಳದಲ್ಲಿ ನಿಪಾ ಎಂದು ಸುದ್ದಿ ಬಂದಾಗಲೆಲ್ಲ ಮಾಸ್ಕ್ ಹುಡುಕುವ ನಮ್ಮ ಜನ ಜೊತೆಗೆ ಈ ಕಾಗದಗಳನ್ನೂ ಒಮ್ಮೆ ತೆಗೆದು ನೋಡಿದರೆ ಒಳ್ಳೆಯದು. ಹಾಗಾಗಿ ಇಲ್ಲಿ ಮೊದಲು ಕಾಗದ, ಆಮೇಲೆ ಯೋಜನೆ.

ಕೊರೊನಾದಲ್ಲಿ ಕೊಟ್ಟದ್ದೇನು

ಮುಂದಿನ ಸಲ ಏನಾಗಬಹುದು ಎಂದು ಊಹಿಸಲು ಹಿಂದಿನದನ್ನು ತಿಳಿದಿರಬೇಕು. 2021ರ ಜೂನ್ 30ರಂದು ಸುಪ್ರೀಂ ಕೋರ್ಟು, ಕೊರೊನಾದಿಂದ ಸತ್ತವರ ಕುಟುಂಬಕ್ಕೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪರಿಹಾರ ನಿಗದಿ ಮಾಡಲೇಬೇಕೆಂದಿತು. ಸೆಪ್ಟೆಂಬರಿನಲ್ಲಿ 50,000 ರೂಪಾಯಿ ಎಂದು ತೀರ್ಮಾನವಾಯಿತು. ಅದು ರಾಜ್ಯ ವಿಪತ್ತು ಪರಿಹಾರ ನಿಧಿಯ ಹಣ. ತೋಟದ ಮಾಲೀಕನಾದರೂ ಅಷ್ಟೇ, ತೋಟದ ಕೂಲಿಯವರ ಸಾಲುಮನೆಯಾದ ಲೈನ್ ಮನೆಯವನಾದರೂ ಅಷ್ಟೇ. ಬಿಪಿಎಲ್ ಕುಟುಂಬಗಳಿಗೆ ಕರ್ನಾಟಕ ಸರ್ಕಾರ ಇದರ ಮೇಲೆ 1 ಲಕ್ಷ ರೂಪಾಯಿ ಸೇರಿಸಿತು.

ಆ ಬಾಗಿಲು ಈಗ ಮುಚ್ಚಿದೆ. 2022ರ ಮಾರ್ಚ್ 20ಕ್ಕಿಂತ ಮೊದಲಿನ ಸಾವುಗಳಿಗೆ 60 ದಿನ, ಆಮೇಲಿನವಕ್ಕೆ ಸಾವಿನ ದಿನದಿಂದ 90 ದಿನ ಎಂದು ಕೋರ್ಟೇ ಗಡುವು ಹಾಕಿತು. ಈಗ ಯಾರಾದರೂ ‘ಕೊರೊನಾ ಪರಿಹಾರ ಮಾಡಿಸಿಕೊಡುತ್ತೇನೆ, ಎರಡು ಸಾವಿರ ಕೊಡಿ’ ಎಂದು ಸಂತೆಯಲ್ಲಿ ಸಿಕ್ಕಿದರೆ ಅವನ ಹಿಂದೆ ಹೋಗಬೇಡಿ. ಆದರೆ ಆಗಿನ ಎರಡು ನಿಯಮಗಳನ್ನು ನೆನಪಿಡಿ, ಮುಂದೆಯೂ ಕೆಲಸಕ್ಕೆ ಬರಬಹುದು. ಪರೀಕ್ಷೆಯಲ್ಲಿ ಸೋಂಕು ಖಚಿತವಾದ ದಿನದಿಂದ 30 ದಿನಗಳೊಳಗೆ ಸತ್ತರೆ, ಸಾವು ಮನೆಯಲ್ಲೇ ಆಗಿದ್ದರೂ, ಅದನ್ನು ಕೊರೊನಾ ಸಾವೆಂದೇ ಹಿಡಿಯುತ್ತಿದ್ದರು. ಮರಣ ಪ್ರಮಾಣಪತ್ರದಲ್ಲಿ ಕೊರೊನಾ ಎಂದು ಬರೆದಿಲ್ಲವೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವ ಹಾಗಿರಲಿಲ್ಲ.

ಈ ಎರಡನೆಯದು ಗೊತ್ತಿಲ್ಲದೆ ಜನ ಪಟ್ಟ ಪಾಡು ಅಷ್ಟಿಷ್ಟಲ್ಲ.

ಸಾವಿನ ಕಾರಣ ಯಾವ ಕಾಗದದಲ್ಲಿರುತ್ತದೆ

ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದೇ ಇಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ನೋಂದಣಿ ಪುಸ್ತಕದಿಂದ ಕೊಡುವ ಪ್ರತಿಯಲ್ಲಿ ಕಾರಣವನ್ನು ತೋರಿಸಕೂಡದು. ಆದರೂ ‘ಇದರಲ್ಲಿ ಕೊರೊನಾ ಎಂದು ಬರೆಸಿಕೊಡಿ ಮೇಡಂ’ ಎಂದು ಅದೇ ಹಾಳೆಯನ್ನು ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದವರಿದ್ದಾರೆ. ಒಬ್ಬ ಗುಮಾಸ್ತನಾದರೂ ಅವರನ್ನು ಕೂರಿಸಿ, ನಿಮಗೆ ಬೇಕಾದದ್ದು ಇದಲ್ಲ ಎಂದು ಹೇಳಿದ್ದರೆ ಸಾಕಿತ್ತು.

ಕಾರಣ ಬರೆದಿರುವುದು ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರದಲ್ಲಿ. ಆಸ್ಪತ್ರೆಯಲ್ಲಿ ಸತ್ತರೆ ಅದು ನಮೂನೆ 4, ಮನೆಯಲ್ಲಿ ಸತ್ತು ವೈದ್ಯರು ನೋಡಿದ್ದರೆ ನಮೂನೆ 4ಎ. 2023ರಲ್ಲಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಇದರ ಪ್ರತಿಯನ್ನು ಹತ್ತಿರದ ಸಂಬಂಧಿಕರಿಗೆ ಕೊಡಬೇಕು. ಕೇಳಿ ಪಡೆಯಿರಿ. ಶವ ಸಾಗಿಸುವ ಗಡಿಬಿಡಿಯಲ್ಲಿ ಇದು ಯಾರ ತಲೆಗೂ ಹೊಳೆಯುವುದಿಲ್ಲ. ಆದ್ದರಿಂದ ಮನೆಯಲ್ಲಿ ಅಳದೆ ನಿಲ್ಲಬಲ್ಲ ಒಬ್ಬರನ್ನು, ಸೋದರಳಿಯನೋ ಪಕ್ಕದ ಮನೆಯವರೋ, ಇದೊಂದು ಕೆಲಸಕ್ಕೇ ನೇಮಿಸಿಬಿಡಿ.

ಆ ಕಾಗದ ಕೈಗೆ ಬಂದೊಡನೆ ಓದಿ. ಒಂದು ಕಡತದಲ್ಲಿ ಹಾಗೆ ಬಂದ ಹಾಳೆಯಲ್ಲಿ ಬರೆದಿದ್ದದ್ದು ‘ಹೃದಯ ಸ್ತಂಭನ’ ಎಂದಷ್ಟೇ. ಸಾಯುವಾಗ ಎಲ್ಲರ ಹೃದಯವೂ ನಿಲ್ಲುತ್ತದೆ! ಆ ನಮೂನೆಯಲ್ಲಿ ತಕ್ಷಣದ ಕಾರಣ ಒಂದು ಸಾಲಿನಲ್ಲಿ, ಅದಕ್ಕೆ ಮೂಲವಾದ ಕಾಯಿಲೆ ಕೆಳಗಿನ ಸಾಲಿನಲ್ಲಿ ಇರಬೇಕು. ಕೆಳಗಿನ ಸಾಲು ಖಾಲಿಯಿದ್ದರೆ ಅಲ್ಲೇ ನಿಂತು ವೈದ್ಯರಿಗೆ ತೋರಿಸಿ. ಮೂರು ತಿಂಗಳ ನಂತರ ಆ ವೈದ್ಯರು ಬೇರೆಡೆಗೆ ಹೋಗಿರುತ್ತಾರೆ.

ಇದರ ಜೊತೆಗೆ ಪರೀಕ್ಷೆಯ ವರದಿ, ದಾಖಲಾದ ಚೀಟಿ, ಬಿಡುಗಡೆಯ ಅಥವಾ ಮರಣದ ಸಾರಾಂಶ, ಸ್ಕ್ಯಾನಿನ ವರದಿ ಎಲ್ಲವೂ ಇರಲಿ. ಕೊರೊನಾದಲ್ಲಿ ಎಸ್‌ಆರ್‌ಎಫ್ ಸಂಖ್ಯೆ ಎಂದೊಂದು ಇತ್ತು, ಗಂಟಲ ದ್ರವ ತೆಗೆದಾಗ ಮೊಬೈಲಿಗೆ ಬರುತ್ತಿದ್ದದ್ದು. ಸತ್ತವರ ಮೊಬೈಲಿನ ಸಂದೇಶಗಳನ್ನು ಅಳಿಸಬೇಡಿ, ಸಿಮ್ ಸದ್ಯಕ್ಕೆ ಬಂದ್ ಮಾಡಿಸಬೇಡಿ. ಅರ್ಜಿಗೆ ಬೇಕಾದ ಸಂಖ್ಯೆಗಳೂ ಬ್ಯಾಂಕಿನ ಸಂದೇಶಗಳೂ ಅದರಲ್ಲೇ ಇರುತ್ತವೆ.

ಮನೆಯಲ್ಲೇ ಸತ್ತು ವೈದ್ಯರು ನೋಡಿರದಿದ್ದರೆ ದಾರಿ ಕಷ್ಟ, ಆದರೆ ಮುಚ್ಚಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದು ಬರೆದುಕೊಂಡದ್ದು, ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿ, ಮಾತ್ರೆ ಕೊಂಡ ರಸೀದಿ, ಇಂಥವೇ ಅಲ್ಲಿ ಸಾಕ್ಷಿ. ಕೊರೊನಾದಲ್ಲಿ ಇಂಥ ತಕರಾರುಗಳನ್ನು ನೋಡಲು ಜಿಲ್ಲಾ ಮಟ್ಟದ ಸಮಿತಿಯಿತ್ತು. ಬುಡಕಟ್ಟು ಜನರ ಹಾಡಿಗಳಲ್ಲಿ ಇರುವವರು ಆಶಾ ಕಾರ್ಯಕರ್ತೆಗೆ ಜ್ವರದ ವಿಷಯ ತಿಳಿಸುವುದಕ್ಕೆ ಅಂಜಬಾರದು ಎಂದು ನಾನು ಹೇಳುವುದು ಆರೋಗ್ಯಕ್ಕಾಗಿ ಮಾತ್ರವಲ್ಲ.

ಎಲ್ಲಿ ಸತ್ತರೋ ಅಲ್ಲಿ ನೋಂದಣಿ

ಇದು ನಮ್ಮ ಜಿಲ್ಲೆಗೆ ವಿಶೇಷವಾಗಿ ಕಾಡುವ ಸಂಗತಿ. ಕಾಯಿಲೆ ಜೋರಾದರೆ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಅಲ್ಲಿಂದ ಮೈಸೂರು ಅಥವಾ ಮಂಗಳೂರು. ಕುಟ್ಟದ ಕಡೆಯವರಿಗೆ ಕೇರಳದ ಮಾನಂದವಾಡಿ, ವಿರಾಜಪೇಟೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಅಲ್ಲಿನದೇ ಕಣ್ಣೂರು. ಮರಣ ನೋಂದಣಿಯಾಗುವುದು ಸಾವು ಸಂಭವಿಸಿದ ಜಾಗದಲ್ಲಿ, ನಿಮ್ಮ ಊರಿನಲ್ಲಲ್ಲ. ಮೈಸೂರಿನಲ್ಲಿ ಸತ್ತವರ ಪ್ರಮಾಣಪತ್ರವನ್ನು ಅಮ್ಮತ್ತಿಯಲ್ಲಿ ಕೇಳಿದರೆ ಸಿಗುವುದಿಲ್ಲ. ಕೇರಳದಲ್ಲಾದರೆ ಇಂಗ್ಲಿಷ್ ಇರುವ ಪ್ರತಿಯನ್ನೇ ಕೇಳಿ ತನ್ನಿ. ಬರೀ ಮಲಯಾಳದ್ದಾದರೆ ನಮ್ಮ ಕಚೇರಿಗಳಲ್ಲಿ ಭಾಷಾಂತರ ಮಾಡಿಸಿಕೊಂಡು ಬನ್ನಿ ಎನ್ನುತ್ತಾರೆ.

ನೋಂದಣಿಗೆ 21 ದಿನ. ಅದು ದಾಟಿ 30ರೊಳಗಾದರೆ ಸ್ವಲ್ಪ ದಂಡ ಶುಲ್ಕ. 30 ದಾಟಿದರೆ ಮೇಲಿನ ಅಧಿಕಾರಿಯ ಅನುಮತಿ, ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶವೇ ಬೇಕು. ಹಳ್ಳಿಯ ಮನೆಯಲ್ಲಿ ಸತ್ತಿದ್ದರೆ ನೋಂದಣಾಧಿಕಾರಿ ಯಾರೆಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ, ತಿಥಿ ಮುಗಿಯಲಿ ಎಂದು ಕಾಯಬೇಡಿ. ಪ್ರಮಾಣಪತ್ರದ ಮೂಲ ಪ್ರತಿಗಳನ್ನು ಒಂದಲ್ಲ, ಹಲವು ತೆಗೆಸಿಡಿ. ಬ್ಯಾಂಕು, ವಿಮೆ, ಭವಿಷ್ಯನಿಧಿ, ಕಂದಾಯ, ಎಲ್ಲರೂ ಮೂಲ ಪ್ರತಿಯನ್ನೇ ಕೇಳುತ್ತಾರೆ.

ಹೆಸರು

ಬೇರೆ ಜಿಲ್ಲೆಯಲ್ಲಿ ಕೆಲಸ ಮಾಡಿ ಬಂದ ತಹಶೀಲ್ದಾರರು ಇಲ್ಲಿಗೆ ಬಂದ ಮೊದಲ ತಿಂಗಳಲ್ಲೇ ತಲೆ ಹಿಡಿದುಕೊಳ್ಳುವುದು ಇದಕ್ಕೆ. ಒಬ್ಬ ಬೋಪಯ್ಯನವರು ಆಧಾರಿನಲ್ಲಿ ಎರಡು ಇನಿಷಿಯಲ್ ಮುಂದಿಟ್ಟುಕೊಂಡ ಬೋಪಯ್ಯ, ಪಡಿತರ ಚೀಟಿಯಲ್ಲಿ ಇನಿಷಿಯಲ್ ಹಿಂದಕ್ಕೆ ಹೋದ ಬೋಪಯ್ಯ, ಆಸ್ಪತ್ರೆಯ ಕಾಗದದಲ್ಲಿ ಮನೆಪೆಸರನ್ನು (ಮನೆತನದ ಹೆಸರನ್ನು) ಪೂರ್ತಿಯಾಗಿ ಬಿಡಿಸಿ ಬರೆದ ಬೋಪಯ್ಯ, ಬ್ಯಾಂಕಿನಲ್ಲಿ ಬರೀ ಬೋಪಣ್ಣ. ಅವರ ಹೆಂಡತಿಯ ಖಾತೆ ಇನ್ನೂ ತವರಿನ ಮನೆಪೆಸರಿನಲ್ಲಿ. ಊರಿಗೆಲ್ಲ ಗೊತ್ತು ಇವರು ಗಂಡ ಹೆಂಡತಿ ಎಂದು, ಕಂಪ್ಯೂಟರಿಗೆ ಗೊತ್ತಿಲ್ಲ. ಎರವರ, ಪಣಿಯರ, ಕುರುಬರ ಹಾಡಿಗಳಲ್ಲಿ ಇನ್ನೊಂದು ತರಹ: ತಂದೆಯ ಹೆಸರೋ ಗಂಡನ ಹೆಸರೋ ಇಲ್ಲದೆ ಒಂದೇ ಹೆಸರು, ಅದೂ ಇಂಗ್ಲಿಷಿಗೆ ಹೋಗಿ ಕನ್ನಡಕ್ಕೆ ತಿರುಗಿ ಬರುವಾಗ ‘ಕಾಳಿ’ ಇದ್ದದ್ದು ‘ಕಲಿ’.

ಯಾರೂ ಸತ್ತಿಲ್ಲದಾಗ ಮಾಡಬೇಕಾದ ಕೆಲಸ ಇದು. ಮನೆಯ ಎಲ್ಲರ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಅಕ್ಷರ ಅಕ್ಷರ ಓದಿ. ಆಧಾರಿನಲ್ಲಿ ಇರುವಂತೆ ಉಳಿದದ್ದನ್ನು ತಿದ್ದಿಸಿ. ಸಾವು ಆದ ಮೇಲೆ ತಿಳಿದರೆ ಸತ್ತವರ ಆಧಾರನ್ನು ತಿದ್ದಲು ಬರುವುದಿಲ್ಲ. ಆಗ ಎರಡೂ ಹೆಸರು ಒಬ್ಬರದೇ ಎಂದು ನೋಟರಿಯ ಮುಂದೆ ಮಾಡಿಸಿದ ಅಫಿಡವಿಟ್ ಅರ್ಜಿಯ ಜೊತೆಗಿರಲಿ. ಕೇಳುವ ಮೊದಲೇ ಲಗತ್ತಿಸಿದರೆ ಕಡತ ಒಂದು ಸುತ್ತು ಕಡಿಮೆ ತಿರುಗುತ್ತದೆ.

ಇನ್ನು ವಾರಸುದಾರರದ್ದು. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೂ ಬದುಕುಳಿದ ಕುಟುಂಬ ಸದಸ್ಯರ ಪ್ರಮಾಣಪತ್ರಕ್ಕೂ ಅರ್ಜಿ ಕೊಡಬಹುದು. ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ಇಡೀ ವಂಶವನ್ನು ಬರೆಯಲು ಕೂರಬೇಡಿ. ಸತ್ತವರ ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿ ಇಷ್ಟು ಸರಿಯಾಗಿದ್ದರೆ ಸಾಕು. ಒಬ್ಬರ ಖಾತೆಗೆ ಹಣ ಹೋಗುವುದಕ್ಕೆ ಉಳಿದವರ ಒಪ್ಪಿಗೆ ಪತ್ರ ಬೇಕಾಗುತ್ತದೆ. ಅಣ್ಣತಮ್ಮಂದಿರು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದರೆ, ತಿಥಿಗೆ ಬಂದಾಗಲೇ ಸಹಿ ಹಾಕಿಸಿಕೊಳ್ಳಿ. ಆ ಹೊತ್ತಿನಲ್ಲಿ ಕೇಳಲು ಸಂಕೋಚವಾಗುತ್ತದೆ, ನಿಜ. ಆರು ತಿಂಗಳಾದ ಮೇಲೆ ಕೇಳಿದರೆ ಅದು ತೋಟದ ಪಾಲಿನ ಜಗಳವಾಗುತ್ತದೆ.

ಸತ್ತವರ ಹೆಸರನ್ನು ಪಡಿತರ ಚೀಟಿಯಿಂದ ತೆಗೆಸಬೇಕು, ಸರಿ. ತೆಗೆಸುವ ಮೊದಲು ಹಳೆಯ ಚೀಟಿಯ ನಕಲು ಮಾಡಿಟ್ಟುಕೊಳ್ಳಿ. ಅವರು ಈ ಬಿಪಿಎಲ್ ಕುಟುಂಬದವರಾಗಿದ್ದರು ಎಂಬುದಕ್ಕೆ ಆಮೇಲೆ ಅದೇ ಗಟ್ಟಿ ಸಾಕ್ಷಿ.

ಹಣ ಯಾವ ಖಾತೆಗೆ ಬೀಳುತ್ತದೆ

ಅರ್ಜಿಯಲ್ಲಿ ನೀವು ಬರೆದ ಖಾತೆಗೇ ಬರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಆಧಾರ್ ಆಧಾರಿತ ಪಾವತಿಯಾದರೆ ಹಾಗಲ್ಲ: ಆಧಾರನ್ನು ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಿಸಿದ್ದೀರೋ ಅಲ್ಲಿಗೆ ಹೋಗುತ್ತದೆ. ಸಿಮ್ ಕೊಳ್ಳುವಾಗ ಹೆಬ್ಬೆಟ್ಟು ಒತ್ತಿಸಿಕೊಂಡು ತೆರೆದುಕೊಟ್ಟ ಖಾತೆಯೊಂದು ಇದೆಯೆಂಬುದೇ ಮರೆತುಹೋಗಿ, ಹಣ ಅಲ್ಲಿ ಕೂತಿದ್ದ ಪ್ರಸಂಗಗಳಿವೆ. ಆಧಾರಿನ ಜಾಲತಾಣದಲ್ಲಿ ‘ಬ್ಯಾಂಕ್ ಜೋಡಣೆಯ ಸ್ಥಿತಿ’ ನೋಡಿದರೆ ಯಾವ ಬ್ಯಾಂಕು ಎಂದು ತಿಳಿಯುತ್ತದೆ. ಗ್ರಾಮ ಒನ್ ಕೇಂದ್ರದಲ್ಲಿ ಕೇಳಿದರೆ ನೋಡಿ ಹೇಳುತ್ತಾರೆ.

ಖಾತೆ ಸಂಖ್ಯೆಗೇ ಹಣ ಹಾಕುವ ಯೋಜನೆಗಳಲ್ಲಿ ಬ್ಯಾಂಕಿನ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಸಂಖ್ಯೆ ನೋಡಿಕೊಳ್ಳಿ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ, ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟ್ ಬ್ಯಾಂಕ್ ಅದೇ ವರ್ಷ ಕೆನರಾ ಬ್ಯಾಂಕಿನೊಳಗೆ ಸೇರಿಹೋದವು. ನಮ್ಮ ಅಜ್ಜಿಯರ ಟ್ರಂಕಿನಲ್ಲಿರುವುದು ಇನ್ನೂ ಆ ಹಳೆಯ ಪುಸ್ತಕಗಳೇ. ಹೊಸ ಪುಸ್ತಕ ಮಾಡಿಸಿ.

ಈಗಲೂ ಇರುವ ನೆರವುಗಳು

ವಿಶೇಷ ಪರಿಹಾರ ಘೋಷಣೆಯಾಗಲಿ ಬಿಡಲಿ, ಸದಾ ಇರುವ ಕೆಲವು ಇವೆ. ಜನ ಮರೆಯುವುದು ಇವನ್ನೇ.

ಚಿಕಿತ್ಸೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ವೆಚ್ಚದ ಶೇಕಡಾ 30, ಗರಿಷ್ಠ 1.5 ಲಕ್ಷ. ತುರ್ತಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಹಿಡಿದೇ ಖಾಸಗಿಗೆ ಹೋಗಬೇಕು. ಪಡಿತರ ಚೀಟಿಯನ್ನು ದಾಖಲಾಗುವಾಗಲೇ ಕೊಡಿ. ಬಿಲ್ ಕಟ್ಟಿದ ಮೇಲೆ ಚೀಟಿ ತೋರಿಸಿ ಹಣ ವಾಪಸು ಕೇಳುವುದು ನೀರಿನಲ್ಲಿ ಬಿದ್ದ ಕರಿಮೆಣಸು ಹೆಕ್ಕಿದ ಹಾಗೆ.

ದುಡಿಯುವವರು ತೀರಿಹೋದರೆ ಮೊದಲು ಅವರ ಬ್ಯಾಂಕ್ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಮೇ ತಿಂಗಳ ಕೊನೆಯ ಸಾಲುಗಳನ್ನು ನೋಡಿ. 436 ರೂಪಾಯಿ ಕಡಿತವಾಗಿದೆಯೇ? 2022ರ ಮೊದಲಾದರೆ 330. ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. ಕಾಯಿಲೆಯಿಂದ ಸತ್ತರೂ 2 ಲಕ್ಷ. ಪಾಸ್‌ಬುಕ್ಕಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಸಂಕ್ಷೇಪವಾಗಿ ಅಚ್ಚಾಗಿರುತ್ತದೆ, ಅರ್ಧ ಅಳಿಸಿರುತ್ತದೆ. ಅಕ್ಷರ ಬಿಟ್ಟು ಮೊತ್ತವನ್ನು ಹುಡುಕಿ. 20 ರೂಪಾಯಿಯ ಇನ್ನೊಂದು ಕಡಿತ ಕಂಡರೆ ಅದು ಅಪಘಾತಕ್ಕೆ ಮಾತ್ರ, ಕಾಯಿಲೆಗೆ ಬರುವುದಿಲ್ಲ. ವಿಮೆಯ ಅರ್ಜಿ ಕೊಡಬೇಕಾದದ್ದು ಆ ಬ್ಯಾಂಕ್ ಶಾಖೆಯಲ್ಲೇ. ಅಲ್ಲಿ ‘ನಮಗೆ ಗೊತ್ತಿಲ್ಲ’ ಎಂದರೆ ಆ ಸಾಲನ್ನು ಬೆರಳಿಟ್ಟು ತೋರಿಸಿ.

ಭವಿಷ್ಯನಿಧಿ ಕಟ್ಟುವ ತೋಟಗಳಲ್ಲಿ ದುಡಿಯುತ್ತಿದ್ದವರಾದರೆ ಭವಿಷ್ಯನಿಧಿಯ ಹಣ, ಕುಟುಂಬ ಪಿಂಚಣಿ, ಇವೆರಡರ ಜೊತೆ ಠೇವಣಿ ಸಂಬಂಧಿತ ವಿಮೆಯೂ ಇದೆ, ಗರಿಷ್ಠ 7 ಲಕ್ಷ. ಇದಕ್ಕೆ ಕಾರ್ಮಿಕರು ಏನೂ ಕಟ್ಟುವುದಿಲ್ಲ, ಮಾಲೀಕರೇ ಕಟ್ಟುತ್ತಾರೆ. ಅದಕ್ಕೇ ಅದರ ಸುದ್ದಿ ಲೈನ್ ಮನೆಗೆ ಮುಟ್ಟುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಬಳಿ ಸದಸ್ಯರ ಸಂಖ್ಯೆ ಕೇಳಿ ಬರೆದುಕೊಳ್ಳಿ. ಕಾಫಿ ಕುಯ್ಲಿಗೆ ಮಾತ್ರ ಬಂದು ಹೋಗುವವರ ಹೆಸರು ಆ ಪಟ್ಟಿಯಲ್ಲಿ ಇರುವುದು ಅಪರೂಪ. ಅಲ್ಲೇ ಅನ್ಯಾಯ ಇರುವುದು, ಅದನ್ನು ಈ ಬರಹದಿಂದ ಸರಿಮಾಡಲಾಗದು.

ಬಿಪಿಎಲ್ ಕುಟುಂಬದಲ್ಲಿ 18ರಿಂದ 59 ವಯಸ್ಸಿನ ಮುಖ್ಯ ದುಡಿಮೆಗಾರರು ಸತ್ತರೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಲ್ಲಿ ಒಂದೇ ಸಲಕ್ಕೆ 20,000 ರೂಪಾಯಿ. ವಿಧವೆಯರಿಗೆ ತಿಂಗಳಿಗೆ 800 ರೂಪಾಯಿ ವೇತನ. 800ಕ್ಕೆ ಏನು ಬರುತ್ತದೆ ಎಂದು ಮೂಗು ಮುರಿಯುವವರಿಗೆ ನಾನು ಹೇಳುವುದು: ಆ ಪಟ್ಟಿಯಲ್ಲಿ ಹೆಸರಿದ್ದದ್ದರಿಂದಲೇ 2020ರ ಲಾಕ್‌ಡೌನಿನಲ್ಲಿ ಕೇಂದ್ರದ ವಿಶೇಷ ಹಣ ಕೆಲವರ ಖಾತೆಗೆ ತಾನಾಗಿ ಬಂತು. ಜನಧನ್ ಖಾತೆಯ ಹೆಂಗಸರಿಗೆ ತಿಂಗಳಿಗೆ 500ರಂತೆ ಮೂರು ತಿಂಗಳು ಬಂದದ್ದೂ ಹಾಗೆಯೇ. 2021ರಲ್ಲಿ ಆಟೊ ಚಾಲಕರಿಗೂ ಕಟ್ಟಡ ಕಾರ್ಮಿಕರಿಗೂ ರಾಜ್ಯ 3,000 ಘೋಷಿಸಿದಾಗ ಕಾರ್ಮಿಕರ ಕಾರ್ಡ್ ಇದ್ದ ಗಾರೆ ಕೆಲಸದವನು ಮನೆಯಲ್ಲೇ ಕೂತು ಪಡೆದ, ಅದೇ ಗೋಡೆ ಕಟ್ಟಿದ ಕಾರ್ಡಿಲ್ಲದವನು ಪಡೆಯಲಿಲ್ಲ. ಪಟ್ಟಿಗೆ ಮೊದಲೇ ಸೇರಿಕೊಂಡಿರಿ.

ಮಕ್ಕಳ ವಿಷಯದಲ್ಲಿ ತಡ ಮಾಡಬೇಡಿ. ಕೊರೊನಾದಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವರಿಗೆ ರಾಜ್ಯದ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500, ಪಿಎಂ ಕೇರ್ಸ್ ಯೋಜನೆಯಲ್ಲಿ 23 ವರ್ಷ ತುಂಬಿದಾಗ 10 ಲಕ್ಷ ಎಂದು ಆಯಿತು. ಅಂಥ ಮಕ್ಕಳು ಈಗ ದೊಡ್ಡವರಾಗುತ್ತಿದ್ದಾರೆ. ಅಜ್ಜಿ ತಾತಂದಿರು ಆ ಖಾತೆಯ ಕಾಗದವನ್ನು ಜೋಪಾನ ಮಾಡಿ, ಮಗುವಿಗೆ 18 ಆದಾಗ ತಿಂಗಳ ನೆರವು ಶುರುವಾಗಬೇಕೆಂದು ನೆನಪಿಟ್ಟುಕೊಳ್ಳಿ. ಒಬ್ಬರನ್ನು ಮಾತ್ರ ಕಳೆದುಕೊಂಡ ಮಕ್ಕಳಿಗೆ, ಕಾಯಿಲೆ ಯಾವುದೇ ಇರಲಿ, ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುವ ಅವಕಾಶವಿದೆ. ಹಳ್ಳಿಯಲ್ಲಿ ಕುಟುಂಬದ ವರಮಾನ ವರ್ಷಕ್ಕೆ 72,000 ಮೀರಬಾರದು, ಪಟ್ಟಣದಲ್ಲಿ 96,000. ವಿಧವೆಯ ಮಕ್ಕಳೂ ಇದರಲ್ಲಿ ಬರುತ್ತಾರೆ. ತೋಟದಲ್ಲಿ ದಿನಗೂಲಿ ಮಾಡುವ ತಾಯಂದಿರಲ್ಲಿ ಇದನ್ನು ಕೇಳಿದ್ದೇವೆ ಎಂದವರು ನನಗೆ ಸಿಕ್ಕಿಲ್ಲ. ಮಡಿಕೇರಿಯಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕೇಳಿ. ಅಷ್ಟು ದೂರ ಹೋಗಲಾಗದಿದ್ದರೆ ಅಂಗನವಾಡಿ ಕಾರ್ಯಕರ್ತೆಯ ಮೂಲಕ, ಅಥವಾ 1098ಕ್ಕೆ ಕರೆ ಮಾಡಿ.

ಅರ್ಜಿ ಕೊಟ್ಟ ಮೇಲೆ

ಸ್ವೀಕೃತಿ ಚೀಟಿ ಇಲ್ಲದೆ ಯಾವ ಕಿಟಕಿಯಿಂದಲೂ ಕದಲಬೇಡಿ. ರಾಜ್ಯದ ‘ಸಕಾಲ’ ಯೋಜನೆಯಡಿ ಬರುವ ಸೇವೆಗಳಿಗೆ ಹದಿನೈದು ಅಂಕಿಯ ಸಂಖ್ಯೆ ಕೊಡುತ್ತಾರೆ. ಅದನ್ನು ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡಿ, ಮೊಬೈಲಿನಲ್ಲಿ ಮಾತ್ರ ಇದ್ದರೆ ಸಾಲದು. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಭಾಗಮಂಡಲ, ನಾಪೋಕ್ಲು ಕಡೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋದರೆ ಸರ್ವರ್ ಇಲ್ಲ ಎಂಬ ಉತ್ತರ ವಾರಗಟ್ಟಲೆ ಕೇಳಬೇಕಾದೀತು. ಗಡುವು ಇರುವ ಅರ್ಜಿಯನ್ನು ಆಗ ಎರಡು ಪ್ರತಿ ಬರೆದು ಖುದ್ದಾಗಿ ಕೊಟ್ಟು, ಒಂದರ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ. 2018ರ ಭೂಕುಸಿತದಲ್ಲಿ ಮನೆಯ ಜೊತೆ ಕಾಗದವೂ ಮಣ್ಣುಪಾಲಾದವರು ನಮ್ಮಲ್ಲಿದ್ದಾರೆ. ಎಲ್ಲದರ ಚಿತ್ರ ತೆಗೆದು ಬೇರೆ ಊರಿನಲ್ಲಿರುವ ಸಂಬಂಧಿಕರ ಮೊಬೈಲಿಗೆ ಕಳುಹಿಸಿಡಿ.

ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ‘ಆಗುವುದಿಲ್ಲ ಹೋಗಿ’ ಎಂಬುದು ಕಾರಣವಲ್ಲ. ಬರಹದಲ್ಲಿ ಬಂದರೆ ಮೇಲ್ಮನವಿಗೆ ದಾರಿಯಿದೆ, ಮತ್ತು ಎಷ್ಟೋ ಸಲ ಬರೆದುಕೊಡಿ ಎಂದೊಡನೆ ಆ ಕಾರಣವೇ ಮಾಯವಾಗುತ್ತದೆ, ಈ ಕುರ್ಚಿಯಲ್ಲಿ ಕೂತವಳಾಗಿ ಹೇಳುತ್ತಿದ್ದೇನೆ.

ಸುಳ್ಳು ವರದಿ ತಂದು ಪರಿಹಾರ ಕೇಳುವವರೂ ಇದ್ದರು. ವಿಪತ್ತು ನಿರ್ವಹಣಾ ಕಾಯ್ದೆಯ 52ನೇ ಕಲಮಿನಲ್ಲಿ ಅದಕ್ಕೆ ಎರಡು ವರ್ಷದವರೆಗೆ ಸಜೆ, ಜೊತೆಗೆ ದಂಡ. ಸಹಿ ನಿಮ್ಮದಾಗಿದ್ದರೆ, ಕಾಗದ ತಂದುಕೊಟ್ಟ ದಲ್ಲಾಳಿ ಆ ದಿನ ಕಾಣಸಿಗುವುದಿಲ್ಲ.

ಬಹಳ ದಿನ ಕಡತ ಅಲುಗಾಡದಿದ್ದರೆ ಜನಸ್ಪಂದನದ 1902ಕ್ಕೆ ಕರೆ ಮಾಡಿ ದೂರು ಬರೆಸಿ. ಕರೆ ಮಾಡುವಾಗ ಸ್ವೀಕೃತಿ ಸಂಖ್ಯೆ, ಅರ್ಜಿ ಕೊಟ್ಟ ದಿನಾಂಕ, ಕಚೇರಿಯ ಹೆಸರು ಕೈಯಲ್ಲಿರಲಿ. ದೂರಿಗೆ ಅವರು ಕೊಡುವ ಸಂಖ್ಯೆಯನ್ನೂ ಅದೇ ಕ್ಯಾಲೆಂಡರಿನಲ್ಲಿ ಕೆಳಗೆ ಬರೆದುಕೊಳ್ಳಿ.